ಬಟ್ಟಲಿನ ಪಾದ

ಜಪಾನಿನ ಕ್ಯೂಶೂ ದ್ವೀಪದ ಉತ್ತರ ದಂಡೆಯಲ್ಲಿ, ಗೆಂಕಾಯ್ ಸಮುದ್ರಕ್ಕೆ ಮುಖಮಾಡಿ ಕರಾತ್ಸು ಎಂಬ ಊರಿದೆ. ಅಲ್ಲಿಯ ಕುಂಬಾರರು ಮಾಡುವ ಸಾಕೆಯ ಬಟ್ಟಲಿಗೆ ದೇಶದಲ್ಲೆಲ್ಲ ಹೆಸರು. ಸಾಕೆ ಎಂದರೆ ಅಕ್ಕಿಯನ್ನು ಹುದುಗಿಸಿ ಮಾಡುವ ಮದ್ಯ. ಅದನ್ನು ಕುಡಿಯಲು ಬಳಸುವ, ಅಂಗೈಯೊಳಗೆ ಅಡಗಿ ಕೂರುವಷ್ಟು ಗಾತ್ರದ ಬಟ್ಟಲಿಗೆ ಗುಯಿನೊಮಿ ಎನ್ನುತ್ತಾರೆ. ಹೂಜಿಯಾದರೆ ಬಿಜೆನ್ ಊರಿನದು, ಬಟ್ಟಲಾದರೆ ಕರಾತ್ಸುವಿನದು ಎಂಬ ಮಾತು ಸಾಕೆ ಪ್ರಿಯರ ಬಾಯಲ್ಲಿ ಹಳೆಯದು. ಬಲ್ಲವರ ಕೈಗೆ ಇಂಥದೊಂದು ಬಟ್ಟಲು ಬಂದರೆ ಅವರು ಮೊದಲು ಬಣ್ಣ ನೋಡುತ್ತಾರೆ, ತುಟಿ ತಾಗುವ ಅಂಚನ್ನು ಬೆರಳಿನಿಂದ ಸವರುತ್ತಾರೆ, ಕೊನೆಯ ಗುಟುಕು ನಿಲ್ಲುವ ಒಳತಳವನ್ನು ಬೆಳಕಿಗೆ ಹಿಡಿಯುತ್ತಾರೆ. ಇಷ್ಟಾದ ಮೇಲೂ ಅವರು ಅಭಿಪ್ರಾಯ ಹೇಳುವುದಿಲ್ಲ. ಬಟ್ಟಲನ್ನು ಮಗುಚಿ ಅದರ ಪಾದವನ್ನು ನೋಡಿದ ಮೇಲೆಯೇ ಮಾತು.

ಈ ಮಗುಚಿ ನೋಡುವ ರೂಢಿಯ ಬಗ್ಗೆ ಯೋಚಿಸಿದಷ್ಟೂ ಅದರಲ್ಲಿ ಕುಂಬಾರಿಕೆಯನ್ನು ಮೀರಿದ ಒಂದು ನೀತಿ ಇದೆ ಅನಿಸುತ್ತದೆ. ಚೆಲುವಾದದ್ದನ್ನು ಮೆಚ್ಚುವ ಹಕ್ಕು ಎಲ್ಲರಿಗೂ ಇದೆ. ಆದರೆ ಆ ಚೆಲುವು ಯಾವುದರ ಮೇಲೆ ನಿಂತಿದೆ ಎಂದು ಕೇಳದ ಮೆಚ್ಚುಗೆ ಅರೆಬರೆಯದು. ಕರಾತ್ಸುವಿನ ಬಟ್ಟಲು ಈ ಮಾತನ್ನು ಬೇರಾವ ವಸ್ತುವಿಗಿಂತಲೂ ಖಚಿತವಾಗಿ ಕಲಿಸಬಲ್ಲದು, ಏಕೆಂದರೆ ಅದರ ಪಾದದ ಕೆಳಗೆ ಮಣ್ಣೂ ಇದೆ, ಚರಿತ್ರೆಯೂ ಇದೆ.

ಮೊದಲು ಮಣ್ಣಿನ ಮಾತು. ಕರಾತ್ಸುವಿನ ಜೇಡಿ ನುಣುಪಾದ ಜಾತಿಯದಲ್ಲ. ಮರಳು ಬೆರೆತ, ಕಬ್ಬಿಣದ ಅಂಶವಿರುವ ಒರಟು ಮಣ್ಣು ಅದು. ಇಂದಿಗೂ ಅಲ್ಲಿಯ ಹಲವು ಕುಂಬಾರರು ಸುತ್ತಲಿನ ಗುಡ್ಡಗಳಿಂದ ತಮ್ಮ ಮಣ್ಣನ್ನು ತಾವೇ ಅಗೆದು ತಂದು ಹದ ಮಾಡುತ್ತಾರೆ. ಕಾಲಿನಿಂದ ಒದ್ದು ತಿರುಗಿಸುವ ತಿಗರಿಯ ಮೇಲೆ ಒಂದು ದೊಡ್ಡ ಮುದ್ದೆ ಕೂರಿಸಿ, ಅದರ ನೆತ್ತಿಯಿಂದ ಒಂದಾದ ಮೇಲೊಂದು ಬಟ್ಟಲನ್ನು ಎತ್ತಿ, ದಾರದಿಂದ ಕತ್ತರಿಸಿ ಹಲಗೆಯ ಮೇಲಿಡುತ್ತಾರೆ. ಬಟ್ಟಲು ಎತ್ತುವುದು ಕೆಲವೇ ಕ್ಷಣಗಳ ಕೆಲಸ. ನಿಜವಾದ ಪರೀಕ್ಷೆ ಅದು ಅರ್ಧ ಒಣಗಿದ ಮೇಲೆ ಬರುತ್ತದೆ. ಆಗ ಬಟ್ಟಲನ್ನು ತಲೆಕೆಳಗಾಗಿ ತಿಗರಿಯ ಮೇಲಿಟ್ಟು, ಅದು ನಿಲ್ಲಬೇಕಾದ ಪಾದದ ಬಳೆಯನ್ನು ಕೆತ್ತಿ ತೆಗೆಯಬೇಕು.

ಹಸಿ ಹೆಚ್ಚಿದ್ದರೆ ಮಣ್ಣು ಕೆತ್ತುವ ಹತಾರಕ್ಕೆ ಅಂಟಿಕೊಳ್ಳುತ್ತದೆ. ಒಣಗು ಹೆಚ್ಚಿದ್ದರೆ ಕೆತ್ತಿದ ಜಾಗ ಜೀವವಿಲ್ಲದೆ ನುಣ್ಣಗಾಗುತ್ತದೆ. ಹದ ಸರಿಯಾಗಿದ್ದರೆ, ಮರಳುಮಣ್ಣು ಹತಾರದ ಹಿಂದೆಯೇ ಸಣ್ಣದಾಗಿ ಸೀಳಿ ಸುಕ್ಕುಸುಕ್ಕಾಗಿ ಏಳುತ್ತದೆ. ಸುಕ್ಕುಗಟ್ಟಿದ ರೇಷ್ಮೆಯ ಹೆಸರಿನಿಂದ ಅದನ್ನು ಚಿರಿಮೆನ್ ಎಂದು ಕರೆಯುತ್ತಾರೆ. ಕೆತ್ತುವಾಗ ನಡುಬಿಂದು ಕೊಂಚ ಸರಿದರೆ ಬಳೆಯ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳ್ಳಗಾಗಿ ಬಿದಿಗೆಯ ಚಂದ್ರನ ಆಕಾರ ಮೂಡುತ್ತದೆ. ಇದನ್ನೂ ಬಲ್ಲವರು ಹುಡುಕಿ ನೋಡುತ್ತಾರೆ. ಈ ಸುಕ್ಕನ್ನಾಗಲಿ ಈ ಚಂದ್ರನನ್ನಾಗಲಿ ಬೇಕೆಂದೇ ಮಾಡಲು ಹೋದರೆ ಅದು ತಕ್ಷಣ ಕಂಡುಬಿಡುತ್ತದೆ. ಸಾವಿರಾರು ಪಾದ ಕೆತ್ತಿದ ಕೈ ಒಂದೇ ಉಸಿರಿನಲ್ಲಿ ಕೆಲಸ ಮುಗಿಸಿದಾಗ ಮಾತ್ರ ಅವು ತಾವಾಗಿ ಬರುತ್ತವೆ.

ಆಮೇಲೆ ಮೆರುಗಿನ ಸರದಿ. ಕುಂಬಾರ ಬಟ್ಟಲನ್ನು ಪಾದದ ಬಳಿ ಬೆರಳುಗಳಿಂದ ಹಿಡಿದು ಮೆರುಗಿನ ದ್ರವದಲ್ಲಿ ಅದ್ದಿ ಎತ್ತುತ್ತಾನೆ. ಮೆರುಗಿನಲ್ಲಿ ಭತ್ತದ ಹುಲ್ಲು ಸುಟ್ಟ ಬೂದಿ ಬೆರೆತಿದ್ದರೆ, ಬೆಂದ ಮೇಲೆ ಬಟ್ಟಲು ಹಾಲುಬಿಳುಪು ಪಡೆದು, ಅಲ್ಲಲ್ಲಿ ನೀಲಿ ಛಾಯೆಯ ಮಚ್ಚೆಗಳು ಏಳುತ್ತವೆ. ಅದಕ್ಕೆ ಮದರಾ ಕರಾತ್ಸು ಎಂದು ಹೆಸರು. ಕಬ್ಬಿಣದ ಕಾವಿಯಿಂದ ಒಂದೆರಡು ಗೀಟಿನಲ್ಲಿ ಹುಲ್ಲೋ ಜೊಂಡೋ ಬರೆದಿದ್ದರೆ ಅದು ಎ ಕರಾತ್ಸು. ಇಷ್ಟೆಲ್ಲ ಬಣ್ಣ ಬರುವುದು ಮೇಲೆ. ಕೈ ಹಿಡಿದಿದ್ದ ಪಾದಕ್ಕೆ ಮೆರುಗು ತಾಗುವುದಿಲ್ಲ. ಹಲವು ಹಳೆಯ ಬಟ್ಟಲುಗಳಲ್ಲಿ ಮೆರುಗು ನಿಂತ ಗಡಿಯಲ್ಲಿ ಕುಂಬಾರನ ಬೆರಳಿನ ಗುರುತುಗಳು ಹಾಗೆಯೇ ಉಳಿದಿವೆ. ಸೌದೆಯ ಬೆಂಕಿಯಲ್ಲಿ, 1200 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಿದ ಶಾಖದಲ್ಲಿ ಬೆಂದು ಆ ಗುರುತುಗಳು ಕಲ್ಲಾಗಿವೆ. ಹಳೆಯ ಕರಾತ್ಸು ಪಾತ್ರೆಗಳ ಮೇಲೆ ಮಾಡಿದವನ ಹೆಸರಿಲ್ಲ. ಇರುವ ಸಹಿ ಎಂದರೆ ಈ ಬೆರಳುಗಳ ಗುರುತು ಮಾತ್ರ.

ಪಾದದ ಮೇಲೆ ಬಲ್ಲವರ ಕಣ್ಣು ಯಾಕೆ ನೆಡುತ್ತದೆ ಎಂಬುದು ಈಗ ತಿಳಿಯುತ್ತದೆ. ಮೆರುಗು ಬಹಳಷ್ಟನ್ನು ಮುಚ್ಚಬಲ್ಲದು. ಕೆಟ್ಟ ಮಣ್ಣು, ಅವಸರದ ಕೈ, ಹದ ತಪ್ಪಿದ ಕೆಲಸ ಎಲ್ಲದಕ್ಕೂ ಅದು ಒಂದು ಹೊದಿಕೆ ಹಾಸಬಲ್ಲದು. ಪಾದದಲ್ಲಿ ಹೊದಿಕೆಯಿಲ್ಲ. ಅಲ್ಲಿ ಮಣ್ಣು ಯಾವುದು, ಕೈ ಎಷ್ಟು ನುರಿತದ್ದು, ಮನಸ್ಸು ನೆಮ್ಮದಿಯಿಂದಿತ್ತೋ ಇಲ್ಲವೋ ಎಂಬುದೆಲ್ಲ ಬಯಲು. ಒಳ್ಳೆಯ ಕುಂಬಾರ ಇದಕ್ಕೆ ಹೆದರುವುದಿಲ್ಲ. ತನ್ನ ಕೆಲಸದ ಅತ್ಯಂತ ಬತ್ತಲೆಯಾದ ಭಾಗವನ್ನು ಅತ್ಯಂತ ಶ್ರದ್ಧೆಯಿಂದ ಮಾಡಿ, ನೋಡುವವನು ನೋಡಲಿ ಎಂದು ಬಿಡುತ್ತಾನೆ. ನಮ್ಮ ಬಾಳಿನಲ್ಲೂ ಹೊದಿಕೆ ಹಾಕಲಾಗದ ಇಂಥ ಭಾಗಗಳಿವೆ. ನಮ್ಮ ಸಂಪಾದನೆಯ ಮೂಲ ಯಾವುದು, ನಮ್ಮ ಬಿಡುವಿನ ಹಿಂದೆ ಯಾರ ದುಡಿಮೆ ಇದೆ ಎಂಬುದನ್ನು ಯಾರಾದರೂ ಮಗುಚಿ ನೋಡಿದರೆ ನಾವು ಆ ಕುಂಬಾರನಷ್ಟು ನಿರಾಳವಾಗಿ ನಿಲ್ಲಬಲ್ಲೆವೇ? ಈ ಪ್ರಶ್ನೆ ಕೇಳಿಕೊಂಡಾಗಲೇ ಕರಾತ್ಸುವಿನ ಬಟ್ಟಲಿನ ಪಾದದ ಕೆಳಗಿರುವ ಎರಡನೆಯ ಸಂಗತಿಗೆ ಬರಬೇಕಾಗುತ್ತದೆ.

ಇಂದಿನ ಕರಾತ್ಸು ನಗರದ ಎಲ್ಲೆಯೊಳಗೇ, ಸಮುದ್ರದತ್ತ ಚಾಚಿದ ಒಂದು ಗುಡ್ಡದ ಮೇಲೆ, ನಗೋಯಾ ಕೋಟೆಯ ಅವಶೇಷಗಳಿವೆ. ದೊಡ್ಡ ನಗರವಾದ ನಗೋಯಾಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಹಿಜೆನ್ ಸೀಮೆಯ ನಗೋಯಾ. ಜಪಾನನ್ನು ಒಂದುಗೂಡಿಸಿದ ತೊಯೊತೊಮಿ ಹಿದೆಯೋಶಿ ಕೊರಿಯಾದ ಮೇಲೆ ದಂಡೆತ್ತಿ ಹೋಗಲು ಈ ಕೋಟೆ ಕಟ್ಟಿಸಿದ. 1592ರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಸೈನಿಕರು ಇಲ್ಲಿಂದ ಸಮುದ್ರ ದಾಟಿದರು. ನಡುವೆ ಕೆಲಕಾಲ ಸಂಧಾನದ ಮಾತು ನಡೆದು, 1597ರಲ್ಲಿ ಮತ್ತೆ ದಾಳಿಯಾಯಿತು. 1598ರಲ್ಲಿ ಹಿದೆಯೋಶಿ ಸತ್ತ ಮೇಲೆ ಸೈನ್ಯ ಹಿಂದಿರುಗಿತು. ಕೊರಿಯಾದ ಊರುಗಳು ಹಾಳಾದವು, ಲೆಕ್ಕವಿಲ್ಲದಷ್ಟು ಜನ ಸತ್ತರು. ಕೊಂದವರ ಲೆಕ್ಕ ತೋರಿಸಲು ಸೈನಿಕರು ಮೂಗುಗಳನ್ನು ಕೊಯ್ದು, ಉಪ್ಪು ಹಾಕಿ ಜಪಾನಿಗೆ ಕಳಿಸಿದರು. ಅವುಗಳನ್ನು ಹೂತ ದಿಬ್ಬ ಕ್ಯೋತೋದಲ್ಲಿ ಇಂದಿಗೂ ಇದೆ. ಮಿಮಿಜುಕಾ ಎಂದು ಅದರ ಹೆಸರು.

ಅದೇ ಸೈನ್ಯ ಕೊರಿಯಾದಿಂದ ಇನ್ನೊಂದನ್ನೂ ತಂದಿತು. ಅದು ಕುಂಬಾರರನ್ನು ತಂದಿತು. ಮರಳುವ ಹಡಗುಗಳಲ್ಲಿ ದಳಪತಿಗಳು ಕುಶಲಕರ್ಮಿಗಳನ್ನು ಸಂಸಾರ ಸಮೇತ ಹಿಡಿದು ತಮ್ಮ ತಮ್ಮ ಸೀಮೆಗಳಿಗೆ ಒಯ್ದರು. ಹಾಗಿ, ತಕಾತೋರಿ, ಅಗಾನೊ, ಸತ್ಸುಮಾ, ಅರಿತಾ ಮುಂತಾಗಿ ಪಶ್ಚಿಮ ಜಪಾನಿನ ಹೆಸರಾಂತ ಕುಂಬಾರಿಕೆಯ ಊರುಗಳೆಲ್ಲ ಹೀಗೆ ಬಂದವರಿಂದ ಬೆಳೆದವು. ಕರಾತ್ಸುವಿನಲ್ಲಿ ಯುದ್ಧಕ್ಕೆ ಮೊದಲೇ, 1580ರ ದಶಕದಲ್ಲಿ, ಕಿಶಿದಾಕೆ ಕೋಟೆಯ ಬುಡದಲ್ಲಿ ಕೊರಿಯಾದ ರೀತಿಯ ಆವಿಗೆಗಳು ಉರಿದಿದ್ದವು. ಸಮುದ್ರದ ಆಚೀಚೆ ಜನ ತಾವಾಗಿಯೂ ಓಡಾಡಿದ್ದರು. ಆದರೆ ಹಿಜೆನ್ ಸೀಮೆಯ ತುಂಬ ಆವಿಗೆಗಳು ನೂರಾರಾಗಿ ಎದ್ದದ್ದು ಯುದ್ಧದ ನಂತರವೇ. ಕಾಲಿನಿಂದ ಒದೆಯುವ ತಿಗರಿ, ಗುಡ್ಡದ ಇಳಿಜಾರಿನಲ್ಲಿ ಕೋಣೆಯ ಮೇಲೆ ಕೋಣೆ ಏರಿಸಿ ಕಟ್ಟುವ ಆವಿಗೆ, ಬೂದಿಯ ಮೆರುಗು ಇವೆಲ್ಲ ಆ ಕೈಗಳ ಜೊತೆಗೆ ಬಂದ ವಿದ್ಯೆ. ಈ ಯುದ್ಧವನ್ನು ಜಪಾನಿನವರೇ ಮಣ್ಣಪಾತ್ರೆಗಳ ಯುದ್ಧ ಎಂದು ಕರೆಯುವುದುಂಟು.

ಕುಂಬಾರರನ್ನು ಯಾಕೆ ಹಿಡಿದು ತಂದರು ಎಂಬ ಪ್ರಶ್ನೆಗೆ ಸಿಗುವ ಉತ್ತರ ನನ್ನನ್ನು ಅತ್ಯಂತ ಕಲಕಿದ ಸಂಗತಿ. ಅವರ ಕೆಲಸ ಆ ಒಡೆಯರಿಗೆ ಬಹಳ ಇಷ್ಟವಾಗಿತ್ತು. ಅದು ಚಹಾ ಗೋಷ್ಠಿಯ ಕಲೆ ಉತ್ತುಂಗದಲ್ಲಿದ್ದ ಕಾಲ. ಸೆನ್ ನೋ ರಿಕ್ಯೂ ಎಂಬ ಮಹಾ ಚಹಾಗುರು ಸರಳತೆಯನ್ನೇ ಸೌಂದರ್ಯದ ಶಿಖರವಾಗಿ ಕಂಡಿದ್ದ. ಅವನ ಮತ್ತು ಅವನಂಥವರ ಕಣ್ಣಿನಲ್ಲಿ ಕೊರಿಯಾದ ಬಡವರ ಮನೆಯ ಒರಟು ಬಟ್ಟಲುಗಳು ಅಮೂಲ್ಯವಾದವು. ಹಿದೆಯೋಶಿಯೂ ಆ ಕಲೆಯ ಭಕ್ತನೇ. ಬಿಚ್ಚಿ ಜೋಡಿಸಬಹುದಾದ ತನ್ನ ಚಿನ್ನದ ಚಹಾ ಕೋಣೆಯನ್ನು ಅವನು ಈ ಯುದ್ಧದ ಕೋಟೆಗೂ ತರಿಸಿ, ಅಲ್ಲಿ ಗೋಷ್ಠಿ ನಡೆಸಿದ. 1591ರಲ್ಲಿ ರಿಕ್ಯೂ ತನ್ನ ಹೊಟ್ಟೆಯನ್ನು ತಾನೇ ಬಗೆದುಕೊಂಡು ಸಾಯಬೇಕೆಂದು ಆಜ್ಞೆ ಮಾಡಿದವನೂ ಅವನೇ. ಬಟ್ಟಲೊಂದರ ಸೂಕ್ಷ್ಮವನ್ನು ಗುರುತಿಸಬಲ್ಲ ಕಣ್ಣು, ಮೂಗು ಕೊಯ್ಯಿಸಿದ ಆಜ್ಞೆ ಎರಡೂ ಒಂದೇ ಮನುಷ್ಯನಲ್ಲಿ ಇದ್ದವು. ಅಭಿರುಚಿ ತಾನಾಗಿಯೇ ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುತ್ತದೆ ಎಂದು ನಂಬಿದವರು ಈ ಕೋಟೆಯ ಕಲ್ಲುಗಳ ನಡುವೆ ಒಮ್ಮೆ ನಿಂತು ಯೋಚಿಸಬೇಕು. ಸಂಗೀತ, ಸಾಹಿತ್ಯ, ಶಿಲ್ಪ ಯಾವುದರ ರಸಿಕತೆಯೂ ಕರುಣೆಗೆ ಬದಲಿಯಾಗಲಾರದು. ಕರುಣೆಯನ್ನು ಬೇರೆಯಾಗಿಯೇ ಕಲಿಯಬೇಕು.

ಹೆಸರುಗಳ ಕಥೆಯನ್ನು ನೋಡಿ. ಕ್ಯೋತೋದ ದೈತೊಕುಜಿ ಮಠದ ಕೊಹೋ ಆನ್ ಎಂಬ ಆಶ್ರಮದಲ್ಲಿ, ಜಪಾನಿನ ರಾಷ್ಟ್ರೀಯ ನಿಧಿ ಎನಿಸಿಕೊಂಡ ಒಂದು ಚಹಾ ಬಟ್ಟಲಿದೆ. ಹದಿನಾರನೆಯ ಶತಮಾನದ ಕೊರಿಯಾದ ಕುಂಬಾರನೊಬ್ಬ ದಿನಬಳಕೆಗೆ ಮಾಡಿದ ಬಟ್ಟಲು ಅದು ಎನ್ನುತ್ತಾರೆ. ಅದರ ಹೆಸರು ಕಿಜಾಯೆಮೊನ್. ಅದು ಮಾಡಿದವನ ಹೆಸರಲ್ಲ, ಅದನ್ನು ಇಟ್ಟುಕೊಂಡಿದ್ದ ವ್ಯಾಪಾರಿಯ ಹೆಸರು. ಮುಂದೆ ಅದನ್ನು 550 ರ್‍ಯೋ ಚಿನ್ನದ ನಾಣ್ಯಕ್ಕೆ ಕೊಂಡ ಒಡೆಯನ ಹೆಸರೂ ದಾಖಲೆಯಲ್ಲಿದೆ. ಮಣ್ಣನ್ನು ಮುಟ್ಟಿ ಆ ಆಕಾರ ಎತ್ತಿದವನು ಮಾತ್ರ ಎಲ್ಲಿಯೂ ಇಲ್ಲ. ಅರಿತಾದಲ್ಲಿ ನೂರಾರು ಕುಂಬಾರರಿಗೆ ನಾಯಕಿಯಾಗಿದ್ದ ಕೊರಿಯಾದ ಒಬ್ಬ ಹೆಣ್ಣುಮಗಳ ಕಥೆಯೂ ಹೀಗೆಯೇ. ಗಂಡ 1618ರಲ್ಲಿ ತೀರಿಕೊಂಡ ಮೇಲೆ, ಆಕೆ ತನ್ನ ಜನರನ್ನು ಕಟ್ಟಿಕೊಂಡು ಪಿಂಗಾಣಿ ಕಲ್ಲು ಸಿಗುವ ಜಾಗಕ್ಕೆ ಬಂದು ನೆಲೆನಿಂತಳು. 1656ರಲ್ಲಿ, 96ನೆಯ ವಯಸ್ಸಿನಲ್ಲಿ ಸತ್ತಳು. ಮರಿಮಗ ನಿಲ್ಲಿಸಿದ ಸ್ಮಾರಕದ ಕಲ್ಲು ಅರಿತಾದ ಹೋಒನ್‌ಜಿ ಗುಡಿಯಲ್ಲಿದೆ. ನೂರರ ಅಜ್ಜಿ ಎಂಬರ್ಥದ ಹ್ಯಾಕುಬಾಸೆನ್ ಎಂಬ ಗೌರವದ ಹೆಸರೊಂದೇ ಅವಳಿಗೆ ಉಳಿಯಿತು. ತಾಯಿತಂದೆ ಇಟ್ಟ ಹೆಸರು ಕೊರಿಯಾದ ದಂಡೆಯಲ್ಲಿಯೇ ಉಳಿದುಹೋಯಿತು.

ಹಾಗಾದರೆ ಇಂಥ ಬಟ್ಟಲನ್ನು ಏನು ಮಾಡುವುದು? ಕೆಳಗೆ ರಕ್ತ ಹರಿದ ನೆಲವಿದೆ ಎಂದು ಗೊತ್ತಾದ ಮೇಲೆ ಅದರ ಚೆಲುವನ್ನು ಮೆಚ್ಚಬಹುದೇ?

ಎರಡು ಸುಲಭದ ಉತ್ತರಗಳು ಕೈಗೆಟುಕುವಲ್ಲೇ ಇವೆ. ಒಂದು, ಇದು ಪಾಪದ ವಸ್ತು, ಬೇಡ ಎಂದು ತಳ್ಳಿಬಿಡುವುದು. ಈ ಉತ್ತರದಲ್ಲಿ ಸಾತ್ವಿಕತೆಯ ತೋರಿಕೆ ಇದೆ, ನ್ಯಾಯವಿಲ್ಲ. ಬಟ್ಟಲು ಮಾಡಿದ್ದು ಸೆರೆಹಿಡಿದವನಲ್ಲ, ಸೆರೆಯಾದವನು. ಊರು ಬಿಡಿಸಿ, ಭಾಷೆ ಮರೆಸಿ, ಹೆಸರು ಕಸಿದುಕೊಂಡ ಮೇಲೂ ಅವನು ತನ್ನ ಕೆಲಸವನ್ನು ಕೆಡಿಸಲಿಲ್ಲ. ಅದೊಂದೇ ಅವನು ಬಿಟ್ಟುಹೋದ ಸಾಕ್ಷಿ. ಅದನ್ನು ತಳ್ಳಿದರೆ ಅವನನ್ನು ಎರಡನೆಯ ಸಲ ಅಳಿಸಿದಂತೆ. ಇನ್ನೊಂದು ಉತ್ತರ, ನಾಲ್ಕು ನೂರು ವರ್ಷಗಳ ಮಾತು, ಕಾಲ ಎಲ್ಲವನ್ನೂ ತೊಳೆದಿದೆ, ಈಗ ಚೆಲುವನ್ನಷ್ಟೇ ಸವಿಯೋಣ ಎನ್ನುವುದು. ಇದು ಇನ್ನೂ ಅಪಾಯದ್ದು. ಕಾಲ ತಾನಾಗಿ ಏನನ್ನೂ ತೊಳೆಯುವುದಿಲ್ಲ. ನೋಡದಿರುವವರ ಸಂಖ್ಯೆ ಹೆಚ್ಚುತ್ತದೆ, ಅಷ್ಟೆ. ಒಡೆಯರು ಬಯಸಿದ್ದೂ ಅದನ್ನೇ: ವಿದ್ಯೆ ಉಳಿಯಲಿ, ವಿದ್ಯೆ ತಂದವರ ನೋವು ಮರೆತುಹೋಗಲಿ.

ಈ ಎರಡಕ್ಕೂ ಸಲ್ಲದ ದಾರಿಯೊಂದನ್ನು ಆ ಕುಂಬಾರರ ಸಂತತಿಯೇ ತೋರಿಸಿದೆ. 1597ರಲ್ಲಿ ಕೊರಿಯಾದ ನಾಮ್ವನ್ ಪಟ್ಟಣ ಬಿದ್ದಾಗ ಸೆರೆಸಿಕ್ಕವರಲ್ಲಿ ಒಂದು ಗುಂಪನ್ನು, ಸುಮಾರು 80 ಜನರನ್ನು, ಸತ್ಸುಮಾದ ಒಡೆಯರು ಕ್ಯೂಶೂವಿನ ದಕ್ಷಿಣ ತುದಿಗೆ ತಂದರು. ಅವರು ನಾಯೆಶಿರೊಗಾವಾ ಎಂಬಲ್ಲಿ ನೆಲೆಸಿದರು. ಆ ಊರಿನ ಈಗಿನ ಹೆಸರು ಮಿಯಾಮಾ. ಅಲ್ಲಿಯ ಮೊದಮೊದಲ ಪಾತ್ರೆಗಳಿಗೆ ಮಣ್ಣು ಕೊರಿಯಾದ್ದು, ಮೆರುಗು ಕೊರಿಯಾದ್ದು, ಕೈಯೂ ಕೊರಿಯಾದ್ದು. ಜಪಾನಿನದಾಗಿ ಇದ್ದದ್ದು ಸುಟ್ಟ ಬೆಂಕಿ ಒಂದೇ. ಅದಕ್ಕೇ ಅವನ್ನು ಹಿಬಾಕಾರಿ, ಅಂದರೆ ಬೆಂಕಿ ಮಾತ್ರ, ಎಂದು ಕರೆಯುತ್ತಾರೆ. ತಲೆಮಾರುಗಳು ಉರುಳಿದವು. ಅವರ ಮಕ್ಕಳು ಜಪಾನಿನ ಮಕ್ಕಳಾದರು, ಆದರೆ ಅದಕ್ಕೆ ಬೆಲೆ ತೆರಬೇಕಾಯಿತು. ಪೆಸಿಫಿಕ್ ಯುದ್ಧದ ಆರಂಭ ಮತ್ತು ಅಂತ್ಯದಲ್ಲಿ ಜಪಾನಿನ ವಿದೇಶಾಂಗ ಮಂತ್ರಿಯಾಗಿದ್ದು, ಕೊನೆಗೆ ಯುದ್ಧ ನಿಲ್ಲಿಸಲು ದುಡಿದ ತೋಗೋ ಶಿಗೆನೊರಿ ಈ ಊರಿನಲ್ಲೇ 1882ರಲ್ಲಿ ಹುಟ್ಟಿದವನು. ಹುಟ್ಟಿದಾಗ ಅವನ ಮನೆತನದ ಹೆಸರು ಪಾಕ್. ಅವನು ಚಿಕ್ಕವನಿದ್ದಾಗಲೇ ತಂದೆ ಆ ಹೆಸರು ಬಿಟ್ಟು ತೋಗೋ ಎಂಬ ಹೆಸರು ಪಡೆದ.

ಅದೇ ಊರಿನಲ್ಲಿ ಚಿನ್ ಎಂಬ ಮನೆತನ ತನ್ನ ಕೊರಿಯಾದ ಹೆಸರನ್ನು ಬಿಡದೆ, ತಲೆಮಾರಿನಿಂದ ತಲೆಮಾರಿಗೆ ಕುಂಬಾರಿಕೆ ನಡೆಸಿಕೊಂಡು ಬಂತು. 1998ರಲ್ಲಿ, ಪೂರ್ವಜರು ಸೆರೆಯಾಗಿ ಬಂದ 400ನೆಯ ವರ್ಷದಲ್ಲಿ, ಹದಿನಾಲ್ಕನೆಯ ಚಿನ್ ಜುಕಾನ್ ಮತ್ತು ಊರಿನವರು ನಾಮ್ವನ್‌ನಿಂದ ಬೆಂಕಿಯನ್ನು ಹಡಗಿನಲ್ಲಿ ತರಿಸಿದರು. ಅಂದು ಬೆಂಕಿ ಮಾತ್ರ ಜಪಾನಿನದಾಗಿತ್ತು. ಈ ಸಲ ಮಣ್ಣು ಜಪಾನಿನದು, ಕೈ ಜಪಾನಿನದು, ಬೆಂಕಿ ಕೊರಿಯಾದ್ದು. ಆ ಬೆಂಕಿಯಲ್ಲಿ ಹೊಸ ಪಾತ್ರೆಗಳನ್ನು ಸುಟ್ಟರು. ಸಮುದ್ರದ ಎರಡೂ ದಂಡೆಗಳ ಜನ ಅದಕ್ಕೆ ಸೇರಿದ್ದರು. ಈ ಕೆಲಸದಲ್ಲಿ ಸೇಡಿಲ್ಲ, ಮರೆವೂ ಇಲ್ಲ. ತಾವು ಈ ನೆಲದವರಾಗಿದ್ದೇವೆ ಎಂಬುದನ್ನು ಒಪ್ಪಿಕೊಂಡೇ, ಇಲ್ಲಿಗೆ ಹೇಗೆ ಬಂದೆವು ಎಂಬುದನ್ನು ಎಲ್ಲರೆದುರು ಹೇಳಿದರು. ನೋವನ್ನು ದಾಟುವುದೆಂದರೆ ಇದೇ ಇರಬೇಕು.

ಕರಾತ್ಸುವಿನಲ್ಲೂ ಇದಕ್ಕೆ ಹೊಂದುವ ಒಂದು ಘಟನೆ ನಡೆದಿದೆ. ನಕಾಜಾತೊ ಮನೆತನದವರು ಕರಾತ್ಸು ಸಂಸ್ಥಾನದ ಅರಮನೆಗೆ ಪಾತ್ರೆ ಮಾಡಿಕೊಡುತ್ತಿದ್ದ ಕುಂಬಾರರು. 1871ರಲ್ಲಿ ಸಂಸ್ಥಾನಗಳೇ ರದ್ದಾದಾಗ ಅವರ ಆಸರೆ ಹೋಯಿತು. ಅಷ್ಟರಲ್ಲಿ ಹಳೆಯ ಕರಾತ್ಸುವಿನ ಬಲವಾದ ಕೈಕೆಲಸವೂ ಮಸುಕಾಗಿತ್ತು. ಆ ಮನೆಯ ಹನ್ನೆರಡನೆಯ ತಲೆಮಾರಿನ ತಾರೋಎಮೊನ್, ಮುಂದೆ ಮುಆನ್ ಎಂದು ಹೆಸರಾದವರು, ಅದನ್ನು ಮತ್ತೆ ಕಲಿಯಲು ಹಾಳುಬಿದ್ದ ಆವಿಗೆಗಳ ಜಾಗಕ್ಕೆ ಹೋದರು. ಪ್ರತಿ ಆವಿಗೆಯ ಬದಿಯಲ್ಲೂ ಒಡೆದ, ಸೊಟ್ಟಗಾದ, ಒಂದಕ್ಕೊಂದು ಅಂಟಿಹೋದ ಪಾತ್ರೆಗಳನ್ನು ಎಸೆದ ತಿಪ್ಪೆ ಇರುತ್ತದೆ. ಅವರು ಆ ಬೋಕಿಗಳನ್ನು ಆರಿಸಿದರು. ಒಡೆದ ಅಂಚಿನಲ್ಲಿ ಮಣ್ಣಿನ ಪದರ ಓದಿದರು, ಪಾದದಲ್ಲಿ ಕೆತ್ತಿದ ಗತಿ ಓದಿದರು, ಮೆರುಗಿನ ಜಾಡು ಹಿಡಿದರು. ಸುರುಳಿ ಸುತ್ತಿದ ಮಣ್ಣನ್ನು ಒಳಗೂ ಹೊರಗೂ ಮರದ ಹತಾರಗಳಿಂದ ತಟ್ಟಿ ತೆಳುವಾದ ಪಾತ್ರೆ ಎಬ್ಬಿಸುವ ಹಳೆಯ ವಿದ್ಯೆಯನ್ನು ಮರಳಿ ಕೈಗೆ ತಂದುಕೊಂಡರು. 1976ರಲ್ಲಿ ಸರಕಾರ ಅವರನ್ನು ‘ಜೀವಂತ ರಾಷ್ಟ್ರೀಯ ನಿಧಿ’ಗಳ ಸಾಲಿಗೆ ಸೇರಿಸಿತು. 1985ರಲ್ಲಿ ತೀರಿಕೊಂಡರು.

ಒಂದು ವಿದ್ಯೆಯನ್ನು ಪಡೆಯಲು ಎರಡು ದಾರಿಗಳಿವೆ ಎಂಬುದು ಇಲ್ಲಿ ನಿಚ್ಚಳವಾಗುತ್ತದೆ. ಒಡೆಯರು ವಿದ್ಯೆ ಬಲ್ಲ ಕೈಗಳನ್ನೇ ಎಳೆದುತಂದರು. ಮುಆನ್ ಅದೇ ಕೈಗಳು ಎಸೆದುಹೋದ ಬೋಕಿಗಳ ಮುಂದೆ ಶಿಷ್ಯರಾಗಿ ಕುಳಿತರು. ಮೊದಲನೆಯವರಿಗೆ ವಸ್ತು ಸಿಕ್ಕಿತು, ಎರಡನೆಯವರಿಗೆ ಗುರುಗಳು ಸಿಕ್ಕರು. ಹೆಸರಿಲ್ಲದ ಗುರುಗಳು, ಮುನ್ನೂರು ವರ್ಷಗಳ ಹಿಂದೆ ಸತ್ತ ಗುರುಗಳು, ಆದರೂ ಗುರುಗಳು. ಕಲಿಯುವವನು ತಲೆಬಾಗಿದಾಗ ಮಾತ್ರ ಇನ್ನೊಬ್ಬರ ವಿದ್ಯೆ ನ್ಯಾಯವಾಗಿ ತನ್ನದಾಗುತ್ತದೆ. ಬೇರೆಯವರ ಸಂಗೀತವನ್ನು, ಅಡುಗೆಯನ್ನು, ನೇಯ್ಗೆಯನ್ನು, ವೈದ್ಯವನ್ನು ನಮ್ಮದಾಗಿಸಿಕೊಳ್ಳುವ ಎಲ್ಲ ಕಡೆಯೂ ಈ ಅಳತೆಗೋಲು ಹಿಡಿಯಬಹುದು.

ಮೆಚ್ಚುಗೆ ಎಷ್ಟು ದೂರ ಹೋಗಬೇಕು ಎಂಬುದಕ್ಕೆ ನನ್ನ ಮನಸ್ಸು ಮತ್ತೆ ಮತ್ತೆ ಅಸಕಾವಾ ತಕುಮಿಯತ್ತ ತಿರುಗುತ್ತದೆ. ಕೊರಿಯಾ ಜಪಾನಿನ ಆಳ್ವಿಕೆಯಲ್ಲಿದ್ದಾಗ, 1914ರಲ್ಲಿ, ಅಲ್ಲಿಗೆ ಹೋದ ಜಪಾನೀ ಯುವಕ ಆತ. ಅರಣ್ಯ ಇಲಾಖೆಯಲ್ಲಿ ಕೆಲಸ. ಬೋಳು ಗುಡ್ಡಗಳಲ್ಲಿ ಮರ ಬೆಳೆಸುವುದು. ಅವನೂ ಅವನ ಅಣ್ಣ ನೊರಿತಾಕಾನೂ ಕೊರಿಯಾದ ಪಾತ್ರೆಗಳಿಗೆ ಮನಸೋತರು. ಹಿದೆಯೋಶಿಯ ಸರದಾರರು ಮನಸೋತದ್ದೂ ಈ ಪಾತ್ರೆಗಳಿಗೇ. ಆದರೆ ತಕುಮಿ ಪಾತ್ರೆಯಿಂದ ಅದನ್ನು ಬಳಸುವ ಜನರ ಕಡೆಗೆ ನಡೆದ. ಆಳುವವರ ಜಾತಿಯವನಾಗಿ ಬಂದವನು ಆಳಿಸಿಕೊಂಡವರ ಭಾಷೆ ಕಲಿತ, ಅವರ ಬಟ್ಟೆ ಉಟ್ಟ, ಅವರ ನಡುವೆ ಬಾಳಿದ. ಅವರ ಮನೆಗಳ ಪಾತ್ರೆಗಳ ಹೆಸರುಗಳನ್ನೂ ಊಟದ ಸಣ್ಣ ಮಣೆಗಳ ಬಗೆಗಳನ್ನೂ ಒಂದೊಂದಾಗಿ ಕೇಳಿ ಬರೆದಿಟ್ಟ. ಕಲಾಚಿಂತಕ ಯನಗಿ ಸೋಯೆತ್ಸು ಜೊತೆ ಸೇರಿ 1924ರಲ್ಲಿ ಸೋಲ್ ನಗರದ ಅರಮನೆಯೊಂದರ ಆವರಣದಲ್ಲಿ ಕೊರಿಯಾದ ಜನಪದ ಕಲೆಯ ವಸ್ತುಸಂಗ್ರಹಾಲಯ ತೆರೆದ. ಆ ವಸ್ತುಗಳು ಅವು ಹುಟ್ಟಿದ ನೆಲದಲ್ಲಿಯೇ ಉಳಿಯಲಿ ಎಂಬುದು ಅವರ ನಿಲುವಾಗಿತ್ತು. 1931ರಲ್ಲಿ, 40ನೆಯ ವಯಸ್ಸಿನಲ್ಲಿ, ತಕುಮಿ ಸೋಲ್‌ನಲ್ಲೇ ತೀರಿಕೊಂಡ. ಅವನ ಸಮಾಧಿ ಮಾಂಗುರಿ ಗುಡ್ಡದ ಮೇಲಿದೆ. ಜಪಾನಿನ ಆಳ್ವಿಕೆಯ ಕಹಿ ಮರೆಯದ ಕೊರಿಯನ್ನರೇ ಆ ಸಮಾಧಿಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಇದಕ್ಕಿಂತ ದೊಡ್ಡ ಬಿರುದು ಒಬ್ಬ ರಸಿಕನಿಗೆ ಸಿಗಲಾರದು.

ಪ್ರೀತಿಯಲ್ಲೂ ಎಡವುವುದುಂಟು. ಯನಗಿ ಕೊರಿಯಾದ ಪರವಾಗಿ ಧೈರ್ಯದಿಂದ ಬರೆದವರು. 1922ರಲ್ಲಿ ಸೋಲ್‌ನ ಗ್ವಾಂಗ್ವಾಮುನ್ ಹೆಬ್ಬಾಗಿಲನ್ನು ಕೆಡವುವ ಆಡಳಿತದ ಯೋಜನೆಯನ್ನು ಬಹಿರಂಗವಾಗಿ ವಿರೋಧಿಸಿದವರು. ಆದರೂ ಕೊರಿಯಾದ ಕಲೆಯಲ್ಲೆಲ್ಲ ದುಃಖದ ಸೌಂದರ್ಯವೇ ಇದೆ ಎಂದು ಅವರು ಹೇಳಿದ್ದನ್ನು ಮುಂದೆ ಕೊರಿಯಾದ ವಿದ್ವಾಂಸರು ಒಪ್ಪಲಿಲ್ಲ. ನಮ್ಮ ಕಲೆಯಲ್ಲಿ ನಗುವೂ ಇದೆ, ಬಲವೂ ಇದೆ, ನಮ್ಮನ್ನು ಬರಿಯ ಸಂಕಟದ ಜನವಾಗಿ ಕಾಣಬೇಡಿ ಎಂಬುದು ಅವರ ವಾದ. ಇನ್ನೊಬ್ಬರ ನೋವನ್ನು ಗುರುತಿಸುವುದು ಒಳ್ಳೆಯದು. ಅವರನ್ನು ಆ ನೋವಿನಲ್ಲೇ ಕೂಡಿಹಾಕುವುದು ತಪ್ಪು. ಸೆರೆಯಾಗಿ ಬಂದ ಕುಂಬಾರನೂ ಒಂದು ಬೆಳಗ್ಗೆ ಹದವಾದ ಮಣ್ಣು ಕೈಗೆ ಸಿಕ್ಕಾಗ ಖುಷಿಪಟ್ಟಿದ್ದಾನು. ಅವನ ಬಟ್ಟಲಿನ ಮೇಲೆ ಎರಡೇ ಗೀಟಿನಲ್ಲಿ ಬಾಗಿದ ಹುಲ್ಲು ಆ ಖುಷಿಯದೂ ಹೌದು. ಅವನ ಆ ಹಕ್ಕನ್ನೂ ನಾವು ಕಸಿಯಬಾರದು.

ಸಾಕೆ ಕುಡಿಯುವವರ ನಡುವೆ ಒಂದು ಮರ್ಯಾದೆ ಇದೆ. ಒಟ್ಟಿಗೆ ಕುಳಿತಾಗ ತನ್ನ ಬಟ್ಟಲಿಗೆ ತಾನೇ ಸುರಿದುಕೊಳ್ಳುವಂತಿಲ್ಲ. ಪಕ್ಕದವರು ಸುರಿಯುತ್ತಾರೆ, ಎರಡೂ ಕೈಯಲ್ಲಿ ಬಟ್ಟಲು ಹಿಡಿದು ತುಂಬಿಸಿಕೊಳ್ಳಬೇಕು. ಆಮೇಲೆ ಅವರ ಬಟ್ಟಲಿಗೆ ತಾನು ಸುರಿಯಬೇಕು. ಮದ್ಯ ಮುಟ್ಟದವರಿಗೂ ಈ ಮರ್ಯಾದೆಯಲ್ಲಿ ಕಲಿಯುವುದಿದೆ. ಯಾವ ಸಂಸ್ಕೃತಿಯೂ ತನ್ನ ಬಟ್ಟಲನ್ನು ತಾನೇ ತುಂಬಿಕೊಂಡಿಲ್ಲ. ಜಪಾನಿಗೆ ಕೊರಿಯಾ ಸುರಿಯಿತು, ಕೊರಿಯಾಕ್ಕೆ ಚೀನಾ ಸುರಿದಿತ್ತು. ಪಡೆದದ್ದು ನಾಚಿಕೆಯ ಸಂಗತಿಯಲ್ಲ. ಪಡೆದೆ ಎಂದು ಹೇಳದಿರುವುದು, ಕಿತ್ತುಕೊಂಡದ್ದನ್ನು ಪಡೆದೆ ಎನ್ನುವುದು ನಾಚಿಕೆಯ ಸಂಗತಿ. ಹಿಜೆನ್ ನಗೋಯಾ ಕೋಟೆಯ ಅವಶೇಷಗಳ ಪಕ್ಕದಲ್ಲೇ ಸಾಗಾ ಪ್ರಾಂತ್ಯದವರು 1993ರಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆದರು. ಜಪಾನ್ ಮತ್ತು ಕೊರಿಯಾ ಪರಸ್ಪರ ಕೊಟ್ಟುಕೊಂಡದ್ದರ ಇತಿಹಾಸವೇ ಅದರ ವಿಷಯ. ಆ ಇತಿಹಾಸವನ್ನು ಕಡಿದುಹಾಕಿದ ದಾಳಿಯಾಗಿ ಹಿದೆಯೋಶಿಯ ಯುದ್ಧವನ್ನು ಅಲ್ಲಿ ತೋರಿಸಿದ್ದಾರೆ. ದಂಡು ಹೊರಟ ಜಾಗದಲ್ಲೇ ಈ ಮಾತನ್ನು ಹೇಳಲು ಒಂದು ಸಮಾಜಕ್ಕೆ ಸ್ಥೈರ್ಯ ಬೇಕು.

ಕೈಕೆಲಸದ ವಸ್ತುವೊಂದು ನಮ್ಮ ಮನೆಗೆ ಬಂದಾಗ ನಾವು ತೀರಿಸಬೇಕಾದ ಋಣಗಳು ಕೆಲವಿವೆ. ಮಾಡಿದವರು ಬದುಕಿದ್ದರೆ ಅವರ ಹೆಸರು ಕೇಳಿ ನೆನಪಿಟ್ಟುಕೊಳ್ಳುವುದು ಒಂದು. ಅವರು ಹೇಳಿದ ಬೆಲೆಯನ್ನು ಚೌಕಾಸಿ ಮಾಡದೆ ಕೊಡುವುದು ಇನ್ನೊಂದು, ಏಕೆಂದರೆ ಕೆಲವೇ ಕ್ಷಣಗಳಲ್ಲಿ ಎತ್ತಿದಂತೆ ಕಾಣುವ ಬಟ್ಟಲಿನಲ್ಲಿ ಅವರ ಇಡೀ ಬಾಳಿನ ಅಭ್ಯಾಸ ಸೇರಿದೆ. ಆ ವಿದ್ಯೆ ಅವರಿಗೆ ಎಲ್ಲಿಂದ, ಯಾರಿಂದ, ಯಾವ ಕಷ್ಟದ ಮೂಲಕ ಬಂತು ಎಂಬುದನ್ನು ತಿಳಿದು ಮಕ್ಕಳಿಗೆ ಹೇಳುವುದು ಮೂರನೆಯದು, ಎಲ್ಲಕ್ಕಿಂತ ಹೆಚ್ಚು ಬಾಕಿ ಉಳಿಯುವುದೂ ಅದೇ. ಸತ್ತವರಿಗೆ ನಾವು ಬೆಲೆ ಕೊಡಲಾರೆವು, ಅವರ ಕಳೆದುಹೋದ ಹೆಸರನ್ನು ಹಿಂದಕ್ಕೆ ತರಲಾರೆವು. ಆದರೆ ಬದುಕಿರುವ ಒಬ್ಬ ಕುಶಲಕರ್ಮಿಯೂ ಹೆಸರಿಲ್ಲದೆ, ಕೂಲಿಯಿಲ್ಲದೆ, ತನ್ನ ಇಷ್ಟಕ್ಕೆ ವಿರುದ್ಧವಾಗಿ ನಮ್ಮ ಸಂತೋಷಕ್ಕಾಗಿ ದುಡಿಯದಂತೆ ನೋಡಿಕೊಳ್ಳಬಲ್ಲೆವು. ಚೆಲುವನ್ನು ಪ್ರೀತಿಸುತ್ತೇವೆ ಎಂದು ಹೇಳಿಕೊಳ್ಳುವ ಯಾರಿಗೂ ಈ ಹೊಣೆಯಿಂದ ಬಿಡುಗಡೆಯಿಲ್ಲ.